ಅಮ್ಮನ ಕೊರಳಿನಲ್ಲಿ ಒಂದು ಪಕ್ಕೆಲುಬು ಹೆಚ್ಚಿಗೆ ಇದೆಯಂತೆ. ತೆಗೆಸಬೇಕೇ, ಬಿಡಬೇಕೇ?

ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಮ್ಮನಿಗೆ 52 ವರ್ಷ. ಅಡಿಕೆ ಸುಗ್ಗಿ ಬಂತೆಂದರೆ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವವರು. ಮೂರು ವರ್ಷದಿಂದ ಅವರ ಎಡಗೈಯ ಕಿರುಬೆರಳಿನಿಂದ ಮೊಣಕೈವರೆಗೆ ಒಳಬದಿಯಲ್ಲಿ ಜೋಮು ಹಿಡಿಯುತ್ತಿದೆ. ತಂತಿಯ ಮೇಲೆ ಬಟ್ಟೆ ಹರವಲು ಕೈ ಎತ್ತಿದರೆ ಎರಡು ನಿಮಿಷದಲ್ಲಿ ಕೈ ತಣ್ಣಗಾಗಿ ಬಿಳಿಚಿಕೊಳ್ಳುತ್ತದೆ. ಕತ್ತಿನ ಸವೆತ ಎಂದು ಒಬ್ಬರು ಪಟ್ಟಿ ಹಾಕಿಸಿದರು. ಇನ್ನೊಬ್ಬರು ವಾಯು ಎಂದು ಎಣ್ಣೆ ಕೊಟ್ಟರು. ಯಾರೂ ಎಕ್ಸ್‌ರೇ ತೆಗೆಸಿರಲಿಲ್ಲ. ಕಳೆದ ವಾರ ಶಿವಮೊಗ್ಗದಲ್ಲಿ ಒಬ್ಬ ವೈದ್ಯೆ ಅಮ್ಮನ ಕೈ ಎತ್ತಿಸಿ ನಾಡಿ ನೋಡಿದರು, ಕೂಡಲೇ ಕತ್ತಿನ ಎಕ್ಸ್‌ರೇ ಬರೆದುಕೊಟ್ಟರು. ಎಡಗಡೆ ಕೊರಳಿನಲ್ಲಿ ಒಂದು ಪಕ್ಕೆಲುಬು ಹೆಚ್ಚಿಗೆ ಇದೆಯಂತೆ. ಹುಟ್ಟಿನಿಂದಲೇ ಇದ್ದದ್ದಂತೆ.

ಮನೆಯಲ್ಲಿ ಈಗ ನೆಮ್ಮದಿ ಇಲ್ಲ. ಒಬ್ಬ ಸಂಬಂಧಿಕರು, ಕೂಡಲೇ ಕೊಯ್ಯಿಸಿ ತೆಗೆಸಿ ಎನ್ನುತ್ತಾರೆ. ಮಾವ, ಇದು ವಂಶದ ದೋಷ, ತಂಗಿಯ ಮದುವೆಯ ಮಾತುಕತೆ ಮುಗಿಯುವವರೆಗೆ ಯಾರ ಮುಂದೆಯೂ ಬಾಯಿ ಬಿಡಬೇಡಿ ಎನ್ನುತ್ತಾರೆ. ಅಮ್ಮ ರಾತ್ರಿ ಎದ್ದು ಕುಳಿತು, "ನಾನು ಇಷ್ಟು ವರ್ಷ ಊನ ಇಟ್ಟುಕೊಂಡೇ ಬದುಕಿದೆನೇ" ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ತಿಳಿದವರು ಹೇಳಿ.

ಕಲ್ಲುಸಂಕ

ನನಗೂ ಇದೆ. ಎರಡೂ ಕಡೆ. ಎರಡು ವರ್ಷದ ಹಿಂದೆ ಕೆಮ್ಮು ಜೋರಾಗಿ ಎದೆಯ ಎಕ್ಸ್‌ರೇ ತೆಗೆಸಿದಾಗ ಗೊತ್ತಾಯಿತು. ಗದ್ದೆ ಕೆಲಸ, ಸೌದೆ ಒಡೆಯುವುದು ಎಲ್ಲವನ್ನೂ ಮಾಡುತ್ತೇನೆ. ಒಂದು ದಿನವೂ ಜೋಮು ಹಿಡಿದದ್ದಿಲ್ಲ.

ಮೂಳೆ ಮೇಷ್ಟ್ರು

ನಾನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸಿ ನಿವೃತ್ತನಾದವನು. ಚಿಕಿತ್ಸೆ ಕೊಡುವ ವೈದ್ಯ ನಾನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಮೂಳೆ ಎಲ್ಲಿದೆ, ಏನು ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳಬಲ್ಲೆ.

ಪಕ್ಕೆಲುಬುಗಳು ಹನ್ನೆರಡು ಜೊತೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅವು ಎದೆಯ ಭಾಗದ ಬೆನ್ನುಮೂಳೆಗಳಿಂದ ಹೊರಡುತ್ತವೆ. ಕೊರಳಿನಲ್ಲಿ ಏಳು ಮೂಳೆಮಣಿಗಳಿವೆ. ಕೆಲವರಲ್ಲಿ ಆ ಏಳನೆಯ ಮಣಿಯಿಂದಲೂ ಒಂದು ಪಕ್ಕೆಲುಬು ಬೆಳೆಯುತ್ತದೆ. ಇದು ನೂರಕ್ಕೆ ಒಬ್ಬರಲ್ಲಿ ಅಥವಾ ಅದಕ್ಕಿಂತ ಕಡಿಮೆ ಜನರಲ್ಲಿ ಇರುತ್ತದೆ, ಹೆಂಗಸರಲ್ಲಿ ಹೆಚ್ಚು. ಕೆಲವರಲ್ಲಿ ಬೆರಳ ತುದಿಯಷ್ಟು ಗಿಡ್ಡ, ಕೆಲವರಲ್ಲಿ ಮುಂದಕ್ಕೆ ಬಂದು ಮೊದಲನೆಯ ಪಕ್ಕೆಲುಬಿಗೆ ಸೇರುವಷ್ಟು ಉದ್ದ. ಕಲ್ಲುಸಂಕ ಅವರ ಹಾಗೆ ಬಹುಪಾಲು ಜನರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ.

ತೊಂದರೆ ಬರುವುದು ಆ ಜಾಗದ ಇಕ್ಕಟ್ಟಿನಿಂದ. ಕೈಗೆ ಹೋಗುವ ನರಗಳ ಗೊಂಚಲು ಮತ್ತು ದೊಡ್ಡ ಅಪಧಮನಿ ಕತ್ತಿನ ಎರಡು ಸ್ನಾಯುಗಳ ನಡುವೆ ತೂರಿ, ಮೊದಲನೆಯ ಪಕ್ಕೆಲುಬನ್ನು ದಾಟಿ ಕಂಕುಳಿಗೆ ಇಳಿಯುತ್ತವೆ. ನಮ್ಮ ಕಡೆಯ ಕಾಲುಸಂಕದ ಹಾಗೆ, ಒಬ್ಬರು ದಾಟಲು ಮಾತ್ರ ಜಾಗ. ಅಲ್ಲಿ ಇನ್ನೊಂದು ಎಲುಬು ಅಡ್ಡ ಬಂದರೆ ಗೊಂಚಲಿನ ಕೆಳಗಿನ ನರ ಅದರ ಮೇಲೆ ಹತ್ತಿ ಇಳಿಯಬೇಕಾಗುತ್ತದೆ. ಆ ನರ ಹೋಗುವುದು ಮುಂಗೈಯ ಒಳಬದಿಗೆ, ಕಿರುಬೆರಳಿಗೆ. ನಿಮ್ಮ ಅಮ್ಮ ಹೇಳುತ್ತಿರುವುದು ಸರಿಯಾಗಿ ಅದೇ ದಾರಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟಿನಲ್ಲಿ ಇನ್ನೊಂದು ನರ ಒತ್ತಿರುವ ಅನುಮಾನ ಬರುತ್ತದೆ. ಯಾವ ಬೆರಳು ಎಂದು ಕೇಳದೆ ಎಲ್ಲವನ್ನೂ ಕತ್ತಿನ ಸವೆತ ಎನ್ನುವುದು ನನಗೆ ಬಹಳ ನೋವು ಕೊಡುವ ಸಂಗತಿ.

ಕೈ ತಣ್ಣಗಾಗಿ ಬಿಳಿಚಿಕೊಳ್ಳುತ್ತದೆ ಎಂದಿದ್ದೀರಿ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಪಧಮನಿಗೂ ಒತ್ತು ಬೀಳುತ್ತಿರಬಹುದು. ರಕ್ತನಾಳದ ಡಾಪ್ಲರ್ ಪರೀಕ್ಷೆ ಮತ್ತು ನರದ ಪರೀಕ್ಷೆ ಎರಡನ್ನೂ ಮಾಡಿಸಿ. ಬೆರಳ ತುದಿ ಕಪ್ಪಾದರೆ, ಗಾಯವಾದರೆ, ಅಥವಾ ಹೆಬ್ಬೆರಳ ಬುಡದ ಮಾಂಸ ಇಳಿಯುತ್ತಿದ್ದರೆ ತಡ ಮಾಡಬಾರದು.

ಊನ ಎಂಬ ಮಾತಿಗೆ ನನ್ನ ಉತ್ತರ ಇಷ್ಟೇ: ನಾನು ಮೂವತ್ತು ವರ್ಷ ದೇಹಗಳನ್ನು ಬಿಡಿಸಿ ತೋರಿಸಿದ್ದೇನೆ. ಪುಸ್ತಕದ ಚಿತ್ರದಂತೆ ಪೂರ್ತಿಯಾಗಿರುವ ಒಂದು ದೇಹವನ್ನೂ ನೋಡಲಿಲ್ಲ.

ಭದ್ರೆಯ ದಡ

ನಮ್ಮ ಊರಿನ ಹತ್ತಿರ ಮೂಳೆ ಕಟ್ಟುವ ನಾಟಿ ವೈದ್ಯರಿದ್ದಾರೆ. ನಮ್ಮ ತಂದೆಯ ಮುರಿದ ಕೈಯನ್ನು ಅವರೇ ಸರಿ ಮಾಡಿದ್ದು. ಹೆಚ್ಚಿಗೆ ಬೆಳೆದ ಎಲುಬನ್ನು ಒತ್ತಿ ಒಳಗೆ ಕೂರಿಸುತ್ತಾರೆ ಎಂದು ಕೇಳಿದ್ದೇನೆ. ಒಮ್ಮೆ ತೋರಿಸಬಹುದಲ್ಲವೇ?

ನರ್ಸಕ್ಕ

ಬೇಡ. ದಯವಿಟ್ಟು ಬೇಡ. ಮುರಿದ ಮುಂಗೈಗೆ ಪಟ್ಟು ಹಾಕುವುದು ಬೇರೆ, ಕತ್ತಿನಲ್ಲಿ ರಕ್ತನಾಳದ ಪಕ್ಕದಲ್ಲಿರುವ ಎಲುಬನ್ನು ಒತ್ತುವುದು ಬೇರೆ. ಬೆನ್ನುಮೂಳೆಗೆ ಅಂಟಿಕೊಂಡು ಹುಟ್ಟಿದ ಎಲುಬು ಯಾರು ಒತ್ತಿದರೂ ಒಳಗೆ ಹೋಗುವುದಿಲ್ಲ. ಕತ್ತು ತಿರುಗಿಸಿ ಲಟಕ್ ಎನಿಸುವವರ ಹತ್ತಿರವೂ ಹೋಗಬೇಡಿ.

ಭದ್ರೆಯ ದಡ

ಸರಿ ಅಕ್ಕ, ಒಪ್ಪಿದೆ. ಗೊತ್ತಿಲ್ಲದೆ ಹೇಳಿದೆ. ಆದರೆ ಆಸ್ಪತ್ರೆಗಳಲ್ಲಿ ಮೂರು ವರ್ಷ ಎಕ್ಸ್‌ರೇ ತೆಗೆಸದೆ ಮಾತ್ರೆ ಕೊಟ್ಟವರನ್ನು ಏನೆನ್ನಬೇಕು? ಅದನ್ನೂ ಯಾರಾದರೂ ಹೇಳಿ.

ಬೆಟ್ಟದ ದವಾಖಾನೆ

ನಾನು ಹಳ್ಳಿಯೊಂದರಲ್ಲಿ ವೈದ್ಯ. ಭದ್ರೆಯ ದಡ ಅವರ ಸಿಟ್ಟು ನ್ಯಾಯವಾದದ್ದು. ಆದರೂ ನಮ್ಮ ಕಡೆಯ ಮಾತನ್ನು ಹೇಳುತ್ತೇನೆ. ಬಾಗಿಲಲ್ಲಿ ಐವತ್ತು ಜನ ನಿಂತಿರುವಾಗ ಕೈ ಜೋಮು ಎಂದವರಲ್ಲಿ ಹೆಚ್ಚಿನವರಿಗೆ ನಿಜವಾಗಿಯೂ ಕತ್ತಿನದ್ದೋ ಮಣಿಕಟ್ಟಿನದ್ದೋ ತೊಂದರೆ ಇರುತ್ತದೆ. ಅಪರೂಪದ್ದು ತಲೆಗೆ ಹೊಳೆಯಬೇಕಾದರೆ ರೋಗಿಯೂ ಸಹಾಯ ಮಾಡಬೇಕು. "ಕೈ ನೋವು" ಎಂದು ನಿಲ್ಲಿಸದೆ, ಯಾವ ಬೆರಳು, ಯಾವ ಕೆಲಸ ಮಾಡುವಾಗ, ಕೈ ಇಳಿಸಿದರೆ ಹೋಗುತ್ತದೆಯೇ ಎಂದು ಹೇಳಿದರೆ ಅರ್ಧ ಕೆಲಸ ಆದಂತೆ. ಬಟ್ಟೆ ಹರವುವಾಗ ಬಿಳಿಚಿಕೊಳ್ಳುತ್ತದೆ ಎಂಬ ಒಂದು ವಾಕ್ಯವನ್ನು ಮೊದಲ ದಿನವೇ ಕೇಳಿದ್ದರೆ ಬಹುಶಃ ಮೂರು ವರ್ಷ ಬೇಕಾಗುತ್ತಿರಲಿಲ್ಲ.

ತೋಟದಮನೆ, ತೀರ್ಥಹಳ್ಳಿ

ವೈದ್ಯರೇ, ಅಮ್ಮ ಅದನ್ನು ಹೇಳಿದ್ದರು. ಪಕ್ಕದಲ್ಲಿ ನಾನೇ ಇದ್ದೆ. ಬರೆದುಕೊಳ್ಳಲಿಲ್ಲ ಅಷ್ಟೆ.

ಬೆಟ್ಟದ ದವಾಖಾನೆ

ಹಾಗಾದರೆ ತಪ್ಪು ನಮ್ಮದೇ. ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಮೂಳೆ ಮೇಷ್ಟ್ರು

ಅಮ್ಮನಿಗೆ ಧೈರ್ಯ ಬರಲು ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಹೇಳುತ್ತೇನೆ. ಹೆಬ್ಬೆರಳ ತುದಿಯನ್ನು ಕಿರುಬೆರಳ ತುದಿಗೆ ತಾಗಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ. ಮಣಿಕಟ್ಟಿನ ನಡುವೆ ಹಗ್ಗದಂತೆ ಒಂದು ಸ್ನಾಯುರಜ್ಜು ಎದ್ದು ಕಾಣುತ್ತದೆಯೇ ನೋಡಿ. ಪಾಲ್ಮಾರಿಸ್ ಲಾಂಗಸ್ ಎಂದು ಅದರ ಹೆಸರು. ಜಗತ್ತಿನಲ್ಲಿ ಸುಮಾರು ನೂರಕ್ಕೆ 15 ಜನರಿಗೆ ಒಂದು ಕೈಯಲ್ಲೋ ಎರಡರಲ್ಲೋ ಅದು ಇರುವುದಿಲ್ಲ. ಜನಾಂಗದಿಂದ ಜನಾಂಗಕ್ಕೆ ಈ ಲೆಕ್ಕ ಬದಲಾಗುತ್ತದೆ.

ಆಗುಂಬೆ ಮಳೆ

ಬಲಗೈಯಲ್ಲಿ ಇದೆ, ಎಡಗೈಯಲ್ಲಿ ಇಲ್ಲ! ನಲವತ್ತು ವರ್ಷ ನನ್ನದೇ ಕೈಯನ್ನು ನೋಡಿಕೊಂಡಿದ್ದೇನೆ, ಇದು ಕಣ್ಣಿಗೆ ಬಿದ್ದಿರಲಿಲ್ಲ.

ಕೊಪ್ಪದವಳು

ಎರಡರಲ್ಲೂ ಇದೆ. ಮಗಳಿಗೆ ಎರಡರಲ್ಲೂ ಇಲ್ಲ. ಅವಳು ಶಾಲೆಯಲ್ಲಿ ಥ್ರೋಬಾಲ್ ಆಡುತ್ತಾಳೆ. ಕೈಯ ಬಲ ಕಡಿಮೆಯಾಗುತ್ತದೆಯೇ?

ಕೊನೆಕಾರ

ತಂಗಿ, ಹೆದರಬೇಡಿ. ನಾನು ಇಪ್ಪತ್ತಾರು ವರ್ಷದಿಂದ ಅಡಿಕೆ ಕೊನೆ ತೆಗೆಯುವವನು. ಒಂದು ಮರದ ತುದಿಯಿಂದ ಇನ್ನೊಂದು ಮರವನ್ನು ಎಳೆದು ಹಿಡಿದು ದಾಟಿದ್ದೇನೆ. ಈಗ ನೋಡಿಕೊಂಡರೆ ಎರಡು ಕೈಯಲ್ಲೂ ಆ ಹಗ್ಗ ಇಲ್ಲ. ನನ್ನ ಹಿಡಿತಕ್ಕೆ ಏನೂ ಕಡಿಮೆ ಇಲ್ಲ.

ಹೊಸನಗರದ ವಿದ್ಯಾರ್ಥಿ

ಆದರೆ ಮರ ಹತ್ತುವ ಪ್ರಾಣಿಗಳಿಗೆ ಅದು ಬೇಕಾದ ಸ್ನಾಯು, ಮನುಷ್ಯ ನೆಲಕ್ಕೆ ಇಳಿದ ಮೇಲೆ ಮಾಯವಾಗುತ್ತಿದೆ ಎಂದು ಓದಿದ್ದೇನೆ. ಮರ ಹತ್ತುವ ಅಣ್ಣನಿಗೇ ಇಲ್ಲವೆಂದರೆ ಆ ಮಾತು ಸುಳ್ಳಲ್ಲವೇ?

ಮೂಳೆ ಮೇಷ್ಟ್ರು

ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ಮರ ಹತ್ತಿದರೆ ಸ್ನಾಯು ಹೊಸದಾಗಿ ಹುಟ್ಟುವುದಿಲ್ಲ ತಮ್ಮಾ, ಹತ್ತದಿದ್ದರೆ ಮಾಯವಾಗುವುದೂ ಇಲ್ಲ. ಅದು ತಾಯಿಯ ಗರ್ಭದಲ್ಲೇ ತೀರ್ಮಾನವಾಗಿರುತ್ತದೆ. ಹಿಡಿತದ ಕೆಲಸವನ್ನು ಬೇರೆ ಗಟ್ಟಿ ಸ್ನಾಯುಗಳು ಮಾಡುತ್ತವೆ. ಇದು ಇಲ್ಲದವರ ಹಿಡಿತ ಗಮನಿಸುವಷ್ಟು ಕುಂದುವುದಿಲ್ಲ.

ಸೀತಾನದಿ ಕಡೆಯವನು

ಉಪಯೋಗವಿಲ್ಲದ್ದು ಎನ್ನಬೇಡಿ. ಆ ಹಗ್ಗದಿಂದಲೇ ನನ್ನ ಬೆರಳು ಉಳಿದಿದೆ.

ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಜಾರಿ ನನ್ನ ಉಂಗುರ ಬೆರಳಿನ ಒಳಗಿನ ರಜ್ಜು ಕತ್ತರಿಸಿ ಹೋಗಿತ್ತು. ಹೊರಗೆ ಗಾಯ ಚಿಕ್ಕದು. ಅರಿಶಿನ ಒತ್ತಿ ಸುಮ್ಮನಾದೆ. ತಿಂಗಳಾದರೂ ಬೆರಳು ಮಡಚಲಿಲ್ಲ. ಆಸ್ಪತ್ರೆಗೆ ಹೋದಾಗ ತುದಿಗಳು ಒಳಕ್ಕೆ ಎಳೆದುಕೊಂಡಿವೆ, ಜೋಡಿಸಲು ಆಗುವುದಿಲ್ಲ ಎಂದರು. ಆಗ ಅವರು ಮಾಡಿಸಿದ್ದು ಮೇಷ್ಟ್ರು ಹೇಳಿದ ಇದೇ ಪರೀಕ್ಷೆ. ಮಣಿಕಟ್ಟಿನಿಂದ ಆ ರಜ್ಜನ್ನು ತೆಗೆದು ಬೆರಳಿಗೆ ಹಾಕಿದರು. ಎರಡು ಹಂತದ ಶಸ್ತ್ರಚಿಕಿತ್ಸೆ, ಆರು ತಿಂಗಳ ವ್ಯಾಯಾಮ. ಈಗ ಮುಕ್ಕಾಲು ಪಾಲು ಮಡಚುತ್ತದೆ, ಲೋಟ ಹಿಡಿಯುತ್ತೇನೆ.

ಸುಲಿಯುವವರೆಲ್ಲ ಕೇಳಿ: ಕತ್ತಿ ತಾಗಿದ ಮೇಲೆ ಬೆರಳನ್ನು ಮಡಚಿ ನೋಡಿ. ಮಡಚದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಕೊನೆಕಾರ

ನನಗೆ ಹಾಗಾದರೆ ಎಲ್ಲಿಂದ ತೆಗೆಯುತ್ತಾರೆ?

ಮೂಳೆ ಮೇಷ್ಟ್ರು

ಮೀನಖಂಡದ ಒಳಗೆ ಪ್ಲಾಂಟಾರಿಸ್ ಎಂಬ ತೆಳ್ಳನೆಯ ಉದ್ದ ರಜ್ಜು ಇದೆ, ಅದನ್ನು ತೆಗೆಯಬಹುದು. ಅದೂ ಕೆಲವರಲ್ಲಿ ಇರುವುದಿಲ್ಲ. ಆಗ ಕಾಲ್ಬೆರಳನ್ನು ಎತ್ತುವ ರಜ್ಜುಗಳಲ್ಲಿ ಒಂದನ್ನು ತೆಗೆಯುತ್ತಾರೆ.

ಇದು ಹುಡುಗಾಟದ ವಿಷಯವಲ್ಲ ಎಂದು ತೋರಿಸಲು ಇನ್ನೊಂದು ಮಾತು. ಪಾಲ್ಮಾರಿಸ್ ರಜ್ಜಿನ ಕೆಳಗೇ ಕೈಯ ಮುಖ್ಯವಾದ ಮೀಡಿಯನ್ ನರ ಇದೆ. ರಜ್ಜು ಇಲ್ಲದವರಲ್ಲಿ ಆ ನರವನ್ನೇ ರಜ್ಜು ಎಂದು ತಿಳಿದು ಕತ್ತರಿಸಿದ ದುರಂತಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಶಸ್ತ್ರಚಿಕಿತ್ಸೆಗೆ ಮೊದಲು ಅರ್ಧ ನಿಮಿಷದ ಪರೀಕ್ಷೆ ಮಾಡಿದ್ದರೆ ಸಾಕಿತ್ತು. ನನ್ನ ತರಗತಿಯಲ್ಲಿ ಪ್ರತಿ ವರ್ಷ ಮೊದಲ ದಿನವೇ ವಿದ್ಯಾರ್ಥಿಗಳಿಂದ ಪರಸ್ಪರರ ಕೈ ಪರೀಕ್ಷೆ ಮಾಡಿಸುತ್ತಿದ್ದೆ.

ಗೆಜ್ಜೆ

ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ನನ್ನ ಮಗಳು ಭರತನಾಟ್ಯ ಕಲಿಯುತ್ತಾಳೆ. ಪತಾಕ ಹಸ್ತದಲ್ಲಿ ಹೆಬ್ಬೆರಳನ್ನು ಮಡಚಿ ಉಳಿದ ಬೆರಳುಗಳನ್ನು ನೇರ ಹಿಡಿಯಬೇಕು. ಅವಳು ಹೆಬ್ಬೆರಳು ಮಡಚಿದರೆ ತೋರುಬೆರಳ ತುದಿಯೂ ಬಗ್ಗುತ್ತದೆ. ಬಲಗೈಯಲ್ಲಿ ಮಾತ್ರ. ಕಲಿಸುವವರು ಗಮನವಿಲ್ಲ ಎಂದು ಬೈದು ಬೈದು, ಮಗು ಈಗ ತರಗತಿಗೆ ಹೋಗಲು ಅಳುತ್ತದೆ. ಇದೂ ಇಂಥದ್ದೇ ಏನಾದರೂ ಇರಬಹುದೇ?

ಮೂಳೆ ಮೇಷ್ಟ್ರು

ಖಂಡಿತ ಇರಬಹುದು ತಾಯಿ. ಹೆಬ್ಬೆರಳನ್ನು ಮಡಚುವ ಉದ್ದ ರಜ್ಜಿಗೂ ತೋರುಬೆರಳನ್ನು ಮಡಚುವ ರಜ್ಜಿಗೂ ನಡುವೆ ಕೆಲವರಲ್ಲಿ ಒಂದು ಎಳೆ ಸೇರಿಕೊಂಡಿರುತ್ತದೆ. ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ. ಲಿನ್‌ಬರ್ಗ್ ಮತ್ತು ಕಾಮ್‌ಸ್ಟಾಕ್ ಎಂಬ ಇಬ್ಬರು 1979ರಲ್ಲಿ ಇದನ್ನು ವಿವರಿಸಿದರು, ಅವರ ಹೆಸರೇ ಉಳಿದಿದೆ. ಅಪರೂಪವೇನಲ್ಲ. ಮಗು ಬೇಕೆಂದು ಮಾಡುತ್ತಿಲ್ಲ, ಗಮನವಿಲ್ಲದೆಯೂ ಅಲ್ಲ. ತೋರುಬೆರಳನ್ನು ಬಲವಂತವಾಗಿ ನೇರ ಹಿಡಿಸಿ ಹೆಬ್ಬೆರಳು ಮಡಚಿಸಿದರೆ ಮಣಿಕಟ್ಟಿನ ಬಳಿ ನೋವು ಬರುತ್ತದೆ. ಕಲಿಸುವವರಿಗೆ ಇದನ್ನು ತೋರಿಸಿ, ಕೈಯ ತಜ್ಞರೊಬ್ಬರಿಗೂ ತೋರಿಸಿ. ದಯವಿಟ್ಟು ಬೈಯುವುದನ್ನು ಇವತ್ತೇ ನಿಲ್ಲಿಸಲು ಹೇಳಿ.

ಗೆಜ್ಜೆ

ಮೇಷ್ಟ್ರೇ, ನಾನೂ ಅವಳಿಗೆ ಬೈದಿದ್ದೆ. ಈಗ ಹೋಗಿ ಮಾತನಾಡಿಸುತ್ತೇನೆ.

ಕತ್ತಲೆ ಕೋಣೆ

ನಾನು ಎಕ್ಸ್‌ರೇ ತೆಗೆಯುವವನು. ಒಂದು ಪ್ರಸಂಗ ಹೇಳಲೇಬೇಕು. ಘಾಟಿಯಲ್ಲಿ ಬೈಕಿನಿಂದ ಬಿದ್ದ ಹುಡುಗನೊಬ್ಬನನ್ನು ಕರೆತಂದರು. ಮೊಣಕಾಲ ಚಿಪ್ಪಿನ ಮೇಲ್ಭಾಗದ ಹೊರ ಮೂಲೆಯಲ್ಲಿ ಒಂದು ತುಂಡು ಬೇರೆಯಾಗಿ ಕಾಣುತ್ತಿತ್ತು. ಮುರಿದಿದೆ, ಪ್ಲಾಸ್ಟರ್ ಹಾಕೋಣ ಎಂದರು. ನನಗೆ ಅನುಮಾನ ಬಂತು. ಆಗಷ್ಟೇ ಮುರಿದ ಮೂಳೆಯ ಅಂಚು ಒಡೆದ ಹೆಂಚಿನಂತೆ ಚೂಪಾಗಿರುತ್ತದೆ. ಇದರ ಅಂಚು ಹೊಳೆಗಲ್ಲಿನಂತೆ ನುಣುಪಾಗಿತ್ತು. ಕೇಳಿಕೊಂಡು ಇನ್ನೊಂದು ಕಾಲಿನದ್ದೂ ತೆಗೆದೆ. ಅಲ್ಲಿಯೂ ಅದೇ ಜಾಗದಲ್ಲಿ ಅದೇ ತುಂಡು!

ಸುಮಾರು ನೂರಕ್ಕೆ ಇಬ್ಬರಲ್ಲಿ ಮೊಣಕಾಲ ಚಿಪ್ಪು ಹೀಗೆ ಎರಡು ತುಂಡಾಗಿಯೇ ಬೆಳೆಯುತ್ತದೆ. ಚಿಕ್ಕಂದಿನಲ್ಲಿ ಕೂಡಿಕೊಳ್ಳಬೇಕಾದ ಭಾಗ ಕೂಡುವುದಿಲ್ಲ. ಹುಡುಗನಿಗೆ ಇದ್ದದ್ದು ಬರೀ ಜಜ್ಜಿದ ಗಾಯ. ಪ್ಲಾಸ್ಟರ್ ಹಾಕಿದ್ದರೆ ಆರು ವಾರ ಕೂಲಿ ಕಳೆದುಕೊಳ್ಳುತ್ತಿದ್ದ.

ಬೆಟ್ಟದ ದವಾಖಾನೆ

ಒಳ್ಳೆಯ ಕೆಲಸ ಮಾಡಿದಿರಿ. ಒಂದು ತಿದ್ದುಪಡಿ: ಎರಡೂ ಕಾಲಿನಲ್ಲಿ ಇರಲೇಬೇಕು ಎಂದಿಲ್ಲ. ಇನ್ನೊಂದು ಕಾಲಿನಲ್ಲಿ ಕಾಣದಿದ್ದರೆ ಮುರಿದದ್ದೇ ಎಂದು ತೀರ್ಮಾನಿಸಬಾರದು. ಬೆರಳಿಟ್ಟು ಒತ್ತಿದರೆ ಸರಿಯಾಗಿ ಅಲ್ಲೇ ನೋವಿದೆಯೇ ಎಂದು ನೋಡಬೇಕು. ಪಾದದಲ್ಲಿಯೂ ಹೀಗೆಯೇ. ಹಿಮ್ಮಡಿಯ ಮೇಲೆ, ಪಾದದ ಒಳಬದಿಯಲ್ಲಿ ಹೆಚ್ಚಿನ ಪುಟ್ಟ ಮೂಳೆಗಳಿರುವವರು ಬಹಳ ಜನ. ಅವುಗಳನ್ನು ಮುರಿದ ಚೂರು ಎಂದು ತಿಳಿಯುವುದು ಸುಲಭ.

ಹೊಸನಗರದ ವಿದ್ಯಾರ್ಥಿ

ಮೊಣಕಾಲಿನ ಹಿಂದೆ ಫಬೆಲ್ಲಾ ಎಂಬ ಕಡಲೆಕಾಳಿನಂಥ ಮೂಳೆ ಇದೆಯಂತೆ. ನೂರು ವರ್ಷದಲ್ಲಿ ಅದು ಇರುವವರ ಪ್ರಮಾಣ ಮೂರೂವರೆ ಪಟ್ಟು ಹೆಚ್ಚಾಗಿದೆ ಎಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2019ರಲ್ಲಿ ಪ್ರಕಟಿಸಿದ್ದಾರೆ. 1918ಕ್ಕೂ 2018ಕ್ಕೂ ಹೋಲಿಸಿದ ಲೆಕ್ಕ. ಅಂದರೆ ಮೂಳೆಗಳು ಈಗಲೂ ಬದಲಾಗುತ್ತಿವೆ!

ಕಲ್ಲುಸಂಕ

ಏಕೆ ಹೆಚ್ಚಾಯಿತಂತೆ?

ಹೊಸನಗರದ ವಿದ್ಯಾರ್ಥಿ

ಊಟ ಸುಧಾರಿಸಿ ಜನರ ಎತ್ತರ, ತೂಕ, ಕಾಲಿನ ಉದ್ದ ಹೆಚ್ಚಿದ್ದರಿಂದ ಮೊಣಕಾಲಿನ ಮೇಲೆ ಬೀಳುವ ಬಲ ಬದಲಾಗಿರಬಹುದು ಎಂಬುದು ಅವರ ಊಹೆ.

ವರದಾ ತೀರ

ನನ್ನ ತಂದೆಯ ಬೆನ್ನಿನ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ನಡೆದದ್ದು. ಸೊಂಟದಲ್ಲಿ ಐದು ಮಣಿಗಳು ಇರಬೇಕು. ತಂದೆಯವರ ಐದನೆಯದು ಕೆಳಗಿನ ತ್ರಿಕೋನದ ಮೂಳೆಗೆ ಒಂದು ಬದಿಯಲ್ಲಿ ಬೆಸೆದುಕೊಂಡಿತ್ತು. ಮೊದಲ ವರದಿಯಲ್ಲಿ ಕೆಳಗಿನಿಂದ ಎಣಿಸಿ ಒಂದು ಸಂಖ್ಯೆ ಬರೆದಿದ್ದರು, ಎರಡನೆಯ ವರದಿಯಲ್ಲಿ ಬೇರೆ ಸಂಖ್ಯೆ ಇತ್ತು. ಶಸ್ತ್ರಚಿಕಿತ್ಸಕರು ಎರಡು ವರದಿಗಳನ್ನೂ ಪಕ್ಕದಲ್ಲಿಟ್ಟು, ಇಡೀ ಬೆನ್ನಿನ ಚಿತ್ರ ತೆಗೆಸಿ ಕೊರಳಿನಿಂದ ಕೆಳಕ್ಕೆ ಎಣಿಸಿದ ಮೇಲೆಯೇ ಕತ್ತಿ ಎತ್ತಿದರು. ಇಲ್ಲದಿದ್ದರೆ ಒಂದು ಮಣಿ ಮೇಲೆ ಕೊಯ್ಯುವ ಅಪಾಯವಿತ್ತು ಎಂದು ಅವರೇ ಹೇಳಿದರು. ಆ ಮನುಷ್ಯನಿಗೆ ಈಗಲೂ ಕೈ ಮುಗಿಯುತ್ತೇನೆ.

ಮೂಳೆ ಮೇಷ್ಟ್ರು

ಆ ಬೆಸುಗೆಯೇ ಕೆಲವರಲ್ಲಿ ಸೊಂಟನೋವಿಗೂ ಕಾರಣವಾಗುತ್ತದೆ ಎಂದು ಇಟಲಿಯ ಬರ್ಟೊಲೋಟಿ 1917ರಲ್ಲೇ ಬರೆದಿದ್ದರು. ಅಂದಹಾಗೆ ಕೊರಳ ಪಕ್ಕೆಲುಬು ಇರುವವರಲ್ಲಿಯೂ ಎಣಿಕೆ ತಪ್ಪುವ ಸಾಧ್ಯತೆ ಇದೆ. ತೋಟದಮನೆ ಅವರೇ, ಅಮ್ಮನಿಗೆ ಮುಂದೆ ಎಂದಾದರೂ ಬೆನ್ನಿಗೋ ಎದೆಗೋ ಚಿಕಿತ್ಸೆ ಆದರೆ ಈ ವಿಷಯವನ್ನು ಮೊದಲೇ ಹೇಳಿ.

ಮಲೆನಾಡ ಗೃಹಿಣಿ

ಮುಂಗೈಯ ಹಿಂಭಾಗದಲ್ಲಿ ನನಗೆ ಗಂಟಿನಂಥದ್ದು ಇತ್ತು. ನೀರುಗಂಟು ಎಂದು ಕೊಯ್ಯಲು ದಿನ ಗೊತ್ತು ಮಾಡಿದ್ದರು. ಸ್ಕ್ಯಾನಿಂಗ್ ಮಾಡಿದವರು, ಬೆರಳುಗಳನ್ನು ಎತ್ತಿದಾಗ ಇದು ಗಟ್ಟಿಯಾಗುತ್ತದೆ, ಗಂಟಲ್ಲ, ಹುಟ್ಟಿನಿಂದ ಇರುವ ಒಂದು ಪುಟ್ಟ ಸ್ನಾಯು ಎಂದರು. ಕೊಯ್ಯಲಿಲ್ಲ. ಹಾಗೆಯೇ ಇದೆ.

ನರ್ಸಕ್ಕ

ಸೂಜಿ ಹಾಕುವ ನಮಗೂ ಇದು ಪಾಠ. ಪೃಷ್ಠದ ಮೇಲಿನ ಹೊರ ಕಾಲುಭಾಗದಲ್ಲಿ ಮಾತ್ರ ಚುಚ್ಚಬೇಕು ಎಂದು ಕಲಿಸುತ್ತಾರೆ, ಒಳಗೆ ಕಾಲಿಗೆ ಹೋಗುವ ದೊಡ್ಡ ನರ ಇದೆ. ಆ ನರ ಸಾಮಾನ್ಯವಾಗಿ ಪಿರಿಫಾರ್ಮಿಸ್ ಎಂಬ ಸ್ನಾಯುವಿನ ಕೆಳಗಿನಿಂದ ಬರುತ್ತದೆ, ಕೆಲವರಲ್ಲಿ ಸೀಳಿ ಅದರ ನಡುವಿನಿಂದಲೇ ಬರುತ್ತದೆ. ಎದೆಯ ನಡುಮೂಳೆಯಲ್ಲಿ ಕೆಲವರಿಗೆ ಹುಟ್ಟಿನಿಂದಲೇ ತೂತು ಇರುತ್ತದೆ, ಹಿಂದೆಯೇ ಹೃದಯ. ಆ ಮೂಳೆಯಿಂದ ಮಜ್ಜೆ ತೆಗೆಯುವವರಿಗೆ, ಅಲ್ಲಿ ಸೂಜಿ ಚುಚ್ಚುವ ಯಾರಿಗೇ ಆಗಲಿ, ಇದು ಗೊತ್ತಿರಬೇಕು.

ಸಾಗರದ ಹುಡುಗ

ಒಂದು ಪ್ರಶ್ನೆ. ನಮ್ಮ ತಾಲ್ಲೂಕಿನ ಹಂದಿಗೋಡು ಕಾಯಿಲೆಯೂ ಇಂಥದ್ದೇ ಅಲ್ಲವೇ? ಅದೂ ಹುಟ್ಟಿನಿಂದ ಮೂಳೆಯಲ್ಲಿ ಬರುವುದು. ಹಾಗಿದ್ದರೆ ತೋಟದಮನೆ ಅವರ ಮಾವ ಹೆದರುವುದರಲ್ಲಿ ಅರ್ಥವಿದೆ.

ಮೂಳೆ ಮೇಷ್ಟ್ರು

ಎರಡನ್ನೂ ಬೆರೆಸಬಾರದು. ಹಂದಿಗೋಡು ಕಾಯಿಲೆ 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಆ ಊರಿನಲ್ಲಿ ಮೊದಲು ಗಮನಕ್ಕೆ ಬಂತು. ಸೊಂಟದ ಕೀಲು, ಮೊಣಕಾಲು, ಬೆನ್ನುಮೂಳೆ ಸವೆದು ವಿಕಾರವಾಗಿ ನಡೆಯಲಾರದ ಸ್ಥಿತಿ ಬರುತ್ತದೆ, ಕೆಲವರಲ್ಲಿ ಎತ್ತರವೂ ಕುಂಠಿತವಾಗುತ್ತದೆ. ಗದ್ದೆಯ ಏಡಿ, ಕ್ರಿಮಿನಾಶಕ ಎಂದು ಮೊದಲು ಏನೇನೋ ಅನುಮಾನಗಳಿದ್ದವು. ಆಮೇಲೆ ಅದು ವಂಶವಾಹಿಯಿಂದ ಬರುವುದು, ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದು ತಿಳಿಯಿತು. ಅದು ಕಾಯಿಲೆ, ವರ್ಷ ಕಳೆದಂತೆ ಏರುತ್ತದೆ. ಕೊರಳ ಪಕ್ಕೆಲುಬು ರಚನೆಯ ಒಂದು ವ್ಯತ್ಯಾಸ. ಕೆಲವು ಮನೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಕಾಣುವುದುಂಟು, ಆದರೆ ಇದ್ದ ಮಾತ್ರಕ್ಕೆ ಯಾರ ಬದುಕೂ ಕೆಡುವುದಿಲ್ಲ.

ಹೆಗ್ಗೋಡಿನ ಅಕ್ಕ

ಮೇಷ್ಟ್ರು ಹೇಳಿದ್ದು ಸರಿ, ಆದರೆ ನನಗೆ ಇನ್ನೊಂದು ಮಾತು ಹೇಳಬೇಕಾಗಿದೆ. ಆ ಕಾಯಿಲೆಯ ಮನೆಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕುಳಿತಲ್ಲೇ ತೆವಳಿಕೊಂಡು ಅಡುಗೆ ಮಾಡುವ ತಾಯಂದಿರನ್ನು ನೋಡಿದ್ದೇನೆ. ಅವರಿಗೆ ಕೀಲಿನ ನೋವಿಗಿಂತ ಹೆಚ್ಚು ನೋವು ಕೊಟ್ಟದ್ದು ಸುತ್ತಲಿನವರ "ದೋಷ" ಎಂಬ ಮಾತು. ಊರಿನ ಹೆಸರು ಹೇಳಿದರೆ ಸಂಬಂಧ ಮುರಿದು ಹೋದದ್ದಿದೆ. ನಿಜವಾದ ಕಾಯಿಲೆ ಇರುವವರ ಮೇಲೂ ಆ ಮಾತನ್ನು ಹೊರಿಸಬಾರದು, ಕಾಯಿಲೆಯೇ ಇಲ್ಲದ ಈ ತಾಯಿಯ ಮೇಲೆ ಏಕೆ ಹೊರಿಸಬೇಕು? ತೋಟದಮನೆ ಅವರೇ, ನಿಮ್ಮ ಮಾವನಿಗೆ ಇದನ್ನು ಓದಿ ಹೇಳಿ. ಮುಚ್ಚಿಟ್ಟು ಮದುವೆ ಮಾಡಿದರೆ, ನಾಳೆ ಅಮ್ಮನ ಕೈಗೆ ಶಸ್ತ್ರಚಿಕಿತ್ಸೆ ಬೇಕಾದಾಗ ಅದನ್ನೂ ಮುಚ್ಚಿಡಬೇಕಾಗುತ್ತದೆ.

ಸಾಗರದ ಹುಡುಗ

ಅಕ್ಕ, ತಪ್ಪಾಯಿತು.

ಭದ್ರಾವತಿ ಫಿಸಿಯೋ

ಪರೀಕ್ಷೆಗಳು ಮುಗಿಯುವವರೆಗೆ ಮಾಡಬಹುದಾದದ್ದು: ತಲೆಯ ಮೇಲಕ್ಕೆ ಕೈ ಎತ್ತುವ ಕೆಲಸ ಕಡಿಮೆ ಮಾಡಿ, ಬಟ್ಟೆಯ ತಂತಿಯನ್ನು ಎದೆಯ ಎತ್ತರಕ್ಕೆ ಇಳಿಸಿ. ಆ ಹೆಗಲಿಗೆ ಭಾರದ ಚೀಲ ಬೇಡ. ಎಡಗೈಯಲ್ಲಿ ತುಂಬಿದ ಕೊಡವನ್ನು ಜೋತು ಹಿಡಿಯುವುದೂ ಬೇಡ, ಅದು ಹೆಗಲನ್ನು ಕೆಳಕ್ಕೆ ಎಳೆದು ಎಲುಬಿನ ಮೇಲೆ ನರವನ್ನು ಬಿಗಿಯುತ್ತದೆ. ಕೈಯನ್ನು ತಲೆಯಡಿ ಇಟ್ಟು ಮಲಗುವ ಅಭ್ಯಾಸವಿದ್ದರೆ ಬಿಡಿಸಿ. ಸುಲಿಯುವಾಗ ಬೆನ್ನು ಗೂನು ಮಾಡಿ ಗಂಟೆಗಟ್ಟಲೆ ಕೂರುವುದು ಕೆಟ್ಟದ್ದು. ಒಂದು ಡಬ್ಬ ತುಂಬಿದ ಮೇಲೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ. ಕತ್ತಿನ ವ್ಯಾಯಾಮವನ್ನು ಮಾತ್ರ ಅವರಿವರಿಂದ ಕೇಳಿಕೊಂಡೋ ಎಲ್ಲೋ ನೋಡಿಕೊಂಡೋ ಮಾಡಿಸಬೇಡಿ. ನೇರವಾಗಿ ಪರೀಕ್ಷಿಸಿದವರು ಹೇಳಿಕೊಡಬೇಕು.

ತೋಟದಮನೆ, ತೀರ್ಥಹಳ್ಳಿ

ಹದಿನೈದು ದಿನದ ನಂತರ ಬರೆಯುತ್ತಿದ್ದೇನೆ. ತಡವಾಯಿತು, ಕೊಯ್ಲು ಶುರುವಾಗಿದೆ.

ಎರಡೂ ಪರೀಕ್ಷೆಗಳು ಆದವು. ಕೈ ಎತ್ತಿದಾಗ ಅಪಧಮನಿಯಲ್ಲಿ ರಕ್ತ ಹರಿಯುವುದು ಕಡಿಮೆಯಾಗುತ್ತದೆ, ಇಳಿಸಿದರೆ ಸರಿಹೋಗುತ್ತದೆ. ನಾಳ ಉಬ್ಬಿಲ್ಲ, ಹೆಪ್ಪುಗಟ್ಟಿಲ್ಲ. ನರಕ್ಕೆ ಸ್ವಲ್ಪ ಪೆಟ್ಟಾಗಿದೆ, ಸ್ನಾಯು ಇಳಿದಿಲ್ಲ. ರಕ್ತನಾಳದ ತಜ್ಞರು ಮೂರು ತಿಂಗಳು ಫಿಸಿಯೋಥೆರಪಿ ಮಾಡಿಸಿ ಮತ್ತೆ ಪರೀಕ್ಷೆಗೆ ಬರಲು ಹೇಳಿದ್ದಾರೆ. ಆಗ ನರ ಇನ್ನಷ್ಟು ಕುಂದಿದ್ದರೆ ಎಲುಬು ತೆಗೆಯುವ ವಿಚಾರ, ಇಲ್ಲದಿದ್ದರೆ ಇಲ್ಲ. ಎಕ್ಸ್‌ರೇಯಲ್ಲಿ ಕಾಣದ ನಾರಿನ ಪಟ್ಟಿಯೂ ಎಲುಬಿನ ತುದಿಯಿಂದ ಇರಬಹುದು, ಅದಕ್ಕೇ ಚಿತ್ರ ನೋಡಿ ಮಾತ್ರ ತೀರ್ಮಾನಿಸುವುದಿಲ್ಲ ಎಂದರು.

ಬಟ್ಟೆಯ ತಂತಿಯನ್ನು ಇಳಿಸಿದ್ದೇನೆ. ಅಮ್ಮನಿಗೆ ಬೆನ್ನು ಒರಗುವ ಹಾಗೆ ಒಂದು ಹಲಗೆ ಮಾಡಿಸಿದ್ದೇನೆ. ರಾತ್ರಿ ಒಂಬತ್ತಕ್ಕೆ ಎಬ್ಬಿಸುತ್ತೇವೆ, ಸುಮ್ಮನೆ ಏಳುವುದಿಲ್ಲ, ಜಗಳವಾಡಿ ಎಬ್ಬಿಸಬೇಕು.

ತಂಗಿ ಹುಡುಗನ ಮನೆಯವರಿಗೆ ತಾನೇ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಅಮ್ಮನ ಕೈ ಈಗ ಹೇಗಿದೆ ಎಂದು ಕೇಳಿದರಂತೆ, ಬೇರೆ ಏನೂ ಕೇಳಲಿಲ್ಲವಂತೆ. ಮಾವ ಇನ್ನೂ ನಮ್ಮೊಡನೆ ಮಾತನಾಡುತ್ತಿಲ್ಲ.

ನಿನ್ನೆ ರಾತ್ರಿ ಚಪ್ಪರದಲ್ಲಿ ಸುಲಿಯಲು ಬಂದವರಿಗೆಲ್ಲ ಅಮ್ಮ ಮೇಷ್ಟ್ರ ಪರೀಕ್ಷೆ ಮಾಡಿಸಿದರು. ಹನ್ನೊಂದು ಜನರಲ್ಲಿ ಇಬ್ಬರಿಗೆ ಆ ಹಗ್ಗ ಇಲ್ಲ. ಅಮ್ಮನಿಗೆ ಎರಡೂ ಕೈಯಲ್ಲಿ ಇದೆ.

ಮೂಳೆ ಮೇಷ್ಟ್ರು

ಓದಿ ಬಹಳ ಸಂತೋಷವಾಯಿತು. ಮೂರು ತಿಂಗಳ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಜೋಮು ಕಡಿಮೆಯಾದರೂ ಹೋಗಿ ತೋರಿಸಿ.

ಗೆಜ್ಜೆ

ನಮ್ಮದೂ ಒಂದು ಸುದ್ದಿ. ಕಲಿಸುವವರು ಮಗಳ ಕೈ ನೋಡಿ ಒಪ್ಪಿಕೊಂಡರು. ಅವಳು ಮತ್ತೆ ತರಗತಿಗೆ ಹೋಗುತ್ತಿದ್ದಾಳೆ.

ಕತ್ತಲೆ ಕೋಣೆ

ತೋಟದಮನೆ ಅವರೇ, ಎಕ್ಸ್‌ರೇ ಫಿಲ್ಮನ್ನು ಅಟ್ಟದ ಮೇಲೋ ಗೋಡೆಯ ಬದಿಗೋ ಇಡಬೇಡಿ. ನಮ್ಮ ಮಳೆಗಾಲಕ್ಕೆ ಒಂದೇ ವರ್ಷದಲ್ಲಿ ಬೂಷ್ಟು ಹಿಡಿದು ಅಂಟಿಕೊಳ್ಳುತ್ತದೆ. ಹಗಲು ಬೆಳಕಿನ ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದು, ಅಮ್ಮನ ಮೊಬೈಲಿಗೂ ತಂಗಿಯ ಮೊಬೈಲಿಗೂ ಕಳುಹಿಸಿ. ವರದಿಯ ಹಾಳೆಯನ್ನು ಆಧಾರ್ ಕಾರ್ಡಿನ ಜೊತೆಯಲ್ಲೇ ಇಡಿ.